ಊಟದ ನಂತರದ ಸೆಷನ್, ಎರಡನೇ ಲ್ಯಾಪ್, ಮುಂದಿನ ಚಕ್ರ ಜಾರಿ ಬಿದ್ದದ್ದು: ಕಾರಣ ಎಲ್ಲಿ ಹುಡುಕೋದು?

ರೆವ್_ರಾಘು
ಎಲ್ಲರಿಗೂ ನಮಸ್ಕಾರ. ಗಾಡಿ ಕೆಟಿಎಂ ಆರ್‌ಸಿ 390. ಜಾಗ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್. ರೇಸ್ ಅಲ್ಲ, ಪ್ರಾಕ್ಟೀಸ್ ದಿನ. ಓಡಿಸಿದ ಹುಡುಗನಿಗೆ ಇದು ನಾಲ್ಕನೇ ಟ್ರ್ಯಾಕ್ ದಿನ, ನೋವಿಸ್ (ಹೊಸಬರ) ವಿಭಾಗದಲ್ಲಿ ಇಳಿಯೋಕೆ ತಯಾರಿ ಮಾಡ್ತಿದ್ದ. ಊಟ ಆದಮೇಲಿನ ಮೊದಲ ಸೆಷನ್, ಎರಡನೇ ಲ್ಯಾಪ್. ಬಲ ತಿರುವುಗಳು ಮುಗಿದು ಎಡಕ್ಕೆ ಮಲಗಿಸುವಾಗ ಮುಂದಿನ ಚಕ್ರ ಜಾರಿ ಲೋ-ಸೈಡ್ ಆಗಿದೆ, ಅಂದರೆ ಮಲಗಿಸಿದ ಮಗ್ಗುಲಿಗೇ ಬಿದ್ದಿದೆ. ಗಾಡಿ ಎಡ ಮಗ್ಗುಲಲ್ಲೇ ಜಾರಿಕೊಂಡು ಹೋಗಿ ಮಣ್ಣಿಗೆ ಇಳಿದಮೇಲೆ ಒಂದು ಪಲ್ಟಿ ಹೊಡೆದಿದೆ. ಹುಡುಗ ಎದ್ದು ನಡೆದುಕೊಂಡು ಬಂದ. ಎಡ ಮಣಿಕಟ್ಟು ಊದಿದೆ, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂದಿದ್ದಾರೆ.

ಬೆಳಗ್ಗೆಯ ಮೂರು ಸೆಷನ್‌ನಲ್ಲಿ ಅದೇ ತಿರುವನ್ನ ಇದಕ್ಕಿಂತ ಜೋರಾಗಿ ತಗೊಂಡಿದ್ದ. ಎಬಿಎಸ್ ಆನ್ ಇತ್ತು. ಕೇಳಿದರೆ "ಸುಮ್ನೆ ಮುಂದಿಂದು ಹೋಯ್ತಣ್ಣ" ಅಂತಾನೆ. ಸುಮ್ಮಸುಮ್ಮನೆ ಹೋಗಿರಲ್ಲ. ಎಲ್ಲಿಂದ ಹುಡುಕೋಕೆ ಶುರು ಮಾಡಲಿ? ಮತ್ತೆ ಟ್ರ್ಯಾಕ್‌ಗೆ ಇಳಿಸೋ ಮುಂಚೆ ಗಾಡಿಯಲ್ಲಿ ಏನೇನು ನೋಡಬೇಕು?

ನಂದಿಬೆಟ್ಟ_390
ಟೈರ್ ತಣ್ಣಗಿತ್ತು. ಅಷ್ಟೇ.

ಹುಬ್ಬಳ್ಳಿ_ಟ್ವಿನ್
ಅಷ್ಟ ಅಂದ್ರ ಹೆಂಗ್ರಿ? ಯಾಕ ತಣ್ಣಗಿತ್ತು ಅನ್ನೋದ ಪ್ರಶ್ನೆ. ಚೆನ್ನೈ ಮಧ್ಯಾಹ್ನದಾಗ ಡಾಂಬರಿನ ಮ್ಯಾಲ ಕೈ ಇಡಾಕ ಆಗಂಗಿಲ್ಲ. ರಾಘು ಅವರ, ಮೊದಲ ಮೂರು ಮಾತು ಹೇಳ್ರಿ. ಗಾಳಿ ಎಷ್ಟಿತ್ತು, ಅದನ್ನ ಯಾವ ಹೊತ್ತಿಗೆ ನೋಡಿದ್ರಿ, ಟೈರಿನ ಮಗ್ಗುಲದಾಗ ಇರೋ ನಾಕು ಅಂಕಿ ಏನು?

ಪಿಟ್‌ಲೇನ್_ಪದ್ಮ
ಹುಬ್ಬಳ್ಳಿಯವರು ಕೇಳಿದ್ದು ಸರಿ. ಅದರ ಜೊತೆ ಇನ್ನೂ ಕೆಲವು ಸಾಕ್ಷಿ ಇವೆ, ಗಾಡಿ ತೊಳೆಯೋ ಮುಂಚೆ ನೋಡಿಬಿಡಿ.

ಎಡ ಫುಟ್‌ಪೆಗ್‌ನ ತುದಿ, ಸೈಡ್ ಸ್ಟ್ಯಾಂಡ್ ಬ್ರಾಕೆಟ್, ಬೆಲ್ಲಿ ಪ್ಯಾನ್ (ಎಂಜಿನ್ ಕೆಳಗಿನ ತಟ್ಟೆ) ಕೆಳಭಾಗ. ಮಲಗಿಸಿದಾಗ ಗಟ್ಟಿ ಲೋಹ ಮೊದಲು ನೆಲಕ್ಕೆ ತಾಗಿ ಚಕ್ರವನ್ನ ಎತ್ತಿಬಿಟ್ಟಿದ್ದರೆ ಆ ಉಜ್ಜು ಸಣ್ಣದಾಗಿ, ಒಂದೇ ಕೋನದಲ್ಲಿ, ಅರ ಹೊಡೆದ ಹಾಗೆ ನುಣುಪಾಗಿ ಇರುತ್ತೆ. ಬಿದ್ದ ಮೇಲಿನ ಉಜ್ಜು ಅಗಲ, ಒರಟು, ಡಾಂಬರಿನ ಹರಳು ಕಚ್ಚಿಕೊಂಡಿರುತ್ತೆ. ಎರಡೂ ಒಂದರ ಮೇಲೊಂದು ಇರಬಹುದು, ಟಾರ್ಚ್ ಓರೆಯಾಗಿ ಹಿಡಿದು ನೋಡಿ.

ಮುಂದಿನ ಟೈರಿನ ಎಡ ಅಂಚು ನೋಡಿ. ಎಷ್ಟು ಅಗಲ ಬಳಕೆಯಾಗಿದೆ, ರಬ್ಬರು ಹರಿದಿದೆಯೋ ಉರುಟಾಗಿ ಸವೆದಿದೆಯೋ. ಆಮೇಲೆ ವಿಡಿಯೋ. ಹಿಂದಿನವರ ಕ್ಯಾಮೆರಾದಲ್ಲಿ ಸಿಕ್ಕಿದ್ದರೆ ಇನ್ನೂ ಒಳ್ಳೆಯದು. ಚಕ್ರ ಜಾರೋ ಕ್ಷಣಕ್ಕೆ ಮುಂದಿನ ಫೋರ್ಕ್ ಒತ್ತಿಕೊಂಡಿತ್ತಾ, ಎದ್ದಿತ್ತಾ? ಒತ್ತಿಕೊಂಡಿದ್ದರೆ ಇನ್ನೂ ಬ್ರೇಕ್ ಹಿಡಿದಿದ್ದಾನೆ. ಎದ್ದಿದ್ದರೆ ಬ್ರೇಕ್ ಪೂರ್ತಿ ಬಿಟ್ಟು ಆಕ್ಸಿಲರೇಟರ್ ಕೊಡೋಕೂ ಮುಂಚೆ, ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾದಾಗ ಜಾರಿದೆ. ಬಿದ್ದದ್ದು ಒಂದೇ ಥರ ಕಂಡರೂ ತಿದ್ದಿಕೊಳ್ಳಬೇಕಾದದ್ದು ಬೇರೆ ಬೇರೆ.

ಆರ್15_ಅರುಣ
ಎಬಿಎಸ್ ಆನ್ ಇದ್ದರೂ ಜಾರಿತು ಅಂದರೆ ಎಬಿಎಸ್ಸೇ ಕೆಲಸ ಮಾಡಿಲ್ಲ. ಸೆನ್ಸರ್ ನೋಡಿಸಿ.

ಪಿಟ್‌ಲೇನ್_ಪದ್ಮ
ಇಲ್ಲ ಅರುಣ್. ಎಬಿಎಸ್ ನೋಡೋದು ಚಕ್ರ ತಿರುಗೋದು ನಿಲ್ಲುತ್ತಿದೆಯಾ ಅನ್ನೋದನ್ನ. ಚಕ್ರ ತಿರುಗುತ್ತಲೇ ಅಡ್ಡಡ್ಡ ಜಾರಿದರೆ ಅದು ಮಾಡೋದೇನೂ ಇಲ್ಲ. ಕಾರ್ನರಿಂಗ್ ಎಬಿಎಸ್ ಇರೋ ಗಾಡಿಯಲ್ಲಿ ಮಲಗಿದ ಕೋನ ನೋಡಿ ಬ್ರೇಕ್ ಒತ್ತಡ ಕಡಿಮೆ ಮಾಡುತ್ತೆ, ಅದೂ ಬ್ರೇಕಿನ ಪಾಲನ್ನ ಮಾತ್ರ. ಟೈರಿಗೆ ಇಲ್ಲದ ಹಿಡಿತವನ್ನ ತಂದುಕೊಡಲ್ಲ.

ಲೆಕ್ಕದ_ಮೇಷ್ಟ್ರು
ಇದನ್ನ ಅಂಕಿಯಲ್ಲಿ ನೋಡಿದರೆ ಬೇಗ ತಲೆಗೆ ಹೋಗುತ್ತೆ. 40 ಡಿಗ್ರಿ ಮಲಗಿದ ಗಾಡಿಗೆ ತಿರುಗೋಕೆ ಬೇಕಾದ ಅಡ್ಡ ಬಲ ಸುಮಾರು 0.84 ಜಿ, ಅಂದರೆ ತೂಕದ 0.84 ಪಾಲು. ಬಿಸಿ ಟೈರಿನ ಒಟ್ಟು ಹಿಡಿತ ಉದಾಹರಣೆಗೆ 1.1 ಅಂತ ಇಟ್ಟುಕೊಳ್ಳಿ. ತಿರುಗೋಕೆ ಹೋಗಿ ಬ್ರೇಕಿಗೆ ಉಳಿಯೋದು ಸುಮಾರು 0.71. ಇದು ನೇರ ಕಳೆಯೋ ಲೆಕ್ಕ ಅಲ್ಲ, ವರ್ಗಗಳನ್ನ ಕಳೆದು ವರ್ಗಮೂಲ ತೆಗೀಬೇಕು. ಈಗ ಅದೇ ಟೈರ್ ತಣ್ಣಗಿದ್ದು ಹಿಡಿತ 0.9 ಆಯಿತು ಅನ್ನಿ. ಬ್ರೇಕಿಗೆ ಉಳಿಯೋದು ಬರೀ 0.32. ಹಿಡಿತ ಶೇಕಡ 18 ಇಳಿದದ್ದಕ್ಕೆ ಬ್ರೇಕಿನ ಪಾಲು ಅರ್ಧಕ್ಕಿಂತ ಕೆಳಗೆ ಬಿತ್ತು. ಬೆಳಗ್ಗೆ ಹಿಡಿದಷ್ಟೇ ಬ್ರೇಕನ್ನ ಅದೇ ಜಾಗದಲ್ಲಿ ಹಿಡಿದರೂ ಮಧ್ಯಾಹ್ನ ಬೀಳಬಹುದು. "ನಾನು ಬೇರೆ ಏನೂ ಮಾಡಲಿಲ್ಲ" ಅಂತ ಬಿದ್ದವರೆಲ್ಲ ಹೇಳೋದು ಅದಕ್ಕೇ, ಅದು ಸುಳ್ಳೂ ಅಲ್ಲ.

ರೆವ್_ರಾಘು
ಕೇಳಿದ ವಿವರ. ಬೆಳಗ್ಗೆ ಏಳೂವರೆಗೆ ಮುಂದೆ 28 ಪಿಎಸ್‌ಐ, ತಣ್ಣಗಿದ್ದಾಗ. ಎರಡನೇ ಸೆಷನ್ ಮುಗಿಸಿ ಬಂದ ಕೂಡಲೇ 33. ಊಟದ ಹೊತ್ತಿಗೆ ಒಂದೂವರೆ ಗಂಟೆ ಗಾಡಿ ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಂತಿತ್ತು. ಹೊರಡೋ ಮುಂಚೆ ನೋಡಿದರೆ 29 ಇತ್ತು, ಗಾಳಿ ಇಳಿದಿದೆ ಅಂದುಕೊಂಡು ಪಕ್ಕದ ಪಿಟ್‌ನ ಪಂಪ್ ತಗೊಂಡು 33ಕ್ಕೆ ತಂದಿದ್ದಾರೆ. ಟೈರಿನ ಮೇಲಿನ ನಾಲ್ಕು ಅಂಕಿ 1419. ರಸ್ತೆಯಲ್ಲೂ ಓಡೋ ಸ್ಪೋರ್ಟ್ ಟೈರ್, ಸ್ಲಿಕ್ (ಗೆರೆ ಇಲ್ಲದ ರೇಸ್ ಟೈರ್) ಅಲ್ಲ. ಟೈರ್ ಕಾಯಿಸೋ ವಾರ್ಮರ್ ಇರಲಿಲ್ಲ.

ಹುಬ್ಬಳ್ಳಿ_ಟ್ವಿನ್
ಸಿಕ್ತು ನೋಡ್ರಿ! ಗಾಳಿ ಇಳಿದಿರಲಿಲ್ಲ, ಟೈರ್ ತಣ್ಣಗಾಗಿತ್ತು ಅಷ್ಟ. 33 ಅನ್ನೋದು ಬಿಸಿ ಅಂಕಿ. ಅದನ್ನ ತಣ್ಣನ ಟೈರಿಗೆ ತುಂಬಿಬಿಟ್ಟಾರ. 1419 ಅಂದ್ರ 2019ರ 14ನೇ ವಾರ. ಆ ರಬ್ಬರು ಗಟ್ಟಿ ಆಗಿರತೈತಿ, ಉಗುರು ಒತ್ತಿ ನೋಡ್ರಿ, ಹೊಸ ಟೈರಿಗೂ ಇದಕ್ಕೂ ಫರಕ್ ಗೊತ್ತಾಗತೈತಿ.

ಲೆಕ್ಕದ_ಮೇಷ್ಟ್ರು
ಅಂಕಿ ತಾಳೆ ಆಗುತ್ತೆ. ಗೇಜ್ ತೋರಿಸೋ 28ಕ್ಕೆ ವಾತಾವರಣದ 14.7 ಸೇರಿಸಿದರೆ 42.7. 30 ಡಿಗ್ರಿಯಿಂದ 70 ಡಿಗ್ರಿಗೆ ಹೋದರೆ 42.7 ಗುಣಿಸು 343, ಭಾಗಿಸು 303. ಉತ್ತರ 48.3, ಗೇಜ್‌ನಲ್ಲಿ 33.6. ಬೆಳಗ್ಗೆ ಅವರು ಕಂಡ 33 ಇದೇ. ಈಗ ಮಧ್ಯಾಹ್ನ, 40 ಡಿಗ್ರಿ ಇರೋ ಟೈರಿಗೆ 33 ತುಂಬಿದರೆ 70 ಡಿಗ್ರಿ ತಲುಪೋವಾಗ 37.6. ಅದು ಮುಂದಿನ ಮಾತು. ಗಾಳಿ ಬಿಗಿಯಾಗಿದ್ದರೆ ಟೈರಿನ ಮಗ್ಗುಲು ಮಡಿಯೋದು ಕಡಿಮೆ, ಮಡಿಯೋದು ಕಡಿಮೆಯಾದರೆ ಬಿಸಿಯಾಗೋದೇ ನಿಧಾನ. ನೆಲಕ್ಕೆ ತಾಗೋ ಜಾಗವೂ ಚಿಕ್ಕದು.

ನಂದಿಬೆಟ್ಟ_390
ಅದಕ್ಕೇ ಟ್ರ್ಯಾಕ್‌ನಲ್ಲಿ 20, 22ಕ್ಕೆ ಇಳಿಸಬೇಕು ಅನ್ನೋದು. ರೇಸರ್‌ಗಳೆಲ್ಲ ಅಷ್ಟೇ ಇಡ್ತಾರೆ.

ಟೈರ್_ತಿಮ್ಮಣ್ಣ
ಆ ಮಾತು ಕೇಳಿ ಯಾರೂ ಇಳಿಸಬೇಡಿ. ಅಷ್ಟು ಕಡಿಮೆ ಇಡೋದು ರೇಸ್ ಟೈರ್‌ಗೆ. ಅದರ ಕಾರ್ಕಸ್ (ಒಳಗಿನ ಹಂದರ) ಕಟ್ಟಿರೋ ರೀತಿಯೇ ಬೇರೆ, ವಾರ್ಮರ್‌ನಲ್ಲಿ 80 ಡಿಗ್ರಿವರೆಗೆ ಕಾಯಿಸಿ ಬಿಸಿ ಇದ್ದಾಗಲೇ ಅಳೆದು ಕಳಿಸ್ತಾರೆ. ಹಿಂದಿನ ಸ್ಲಿಕ್‌ಗೆ ಬರೋ ಅಂಕಿಯನ್ನ ತಂದು ಮುಂದಿನ ರಸ್ತೆ ಟೈರಿಗೆ ಇಟ್ಟರೆ ಮಗ್ಗುಲು ಓಲಾಡುತ್ತೆ, ಬ್ರೇಕ್ ಹಿಡಿದಾಗ ಮುಂದಿನದು ಮುದ್ದೆಯಾಗುತ್ತೆ, ನಾಲ್ಕೈದು ಲ್ಯಾಪ್‌ಗೆ ಅತಿ ಬಿಸಿಯಾಗಿ ಎಣ್ಣೆ ಸವರಿದಂತಾಗುತ್ತೆ. ಈ ಗಾತ್ರಕ್ಕೆ, ಮುಂದೆ 110/70, ಹಿಂದೆ 150/60, ರಸ್ತೆ ಟೈರ್ ಆದರೆ ತಣ್ಣಗೆ 27-28ರಲ್ಲಿ ಶುರು ಮಾಡಿ. ಸೆಷನ್ ಮುಗಿದು ಪಿಟ್‌ಗೆ ಬಂದು ಒಂದು ನಿಮಿಷದೊಳಗೆ ಅಳೆಯಿರಿ. ಐದಾರು ಪಿಎಸ್‌ಐಗಿಂತ ಜಾಸ್ತಿ ಏರಿದ್ದರೆ ಶುರುವಿನಲ್ಲಿ ಗಾಳಿ ಕಡಿಮೆ ಇತ್ತು, ಟೈರ್ ಹೆಚ್ಚು ಮಡಿದು ಕಾದಿದೆ. ಎರಡು ಮೂರೇ ಏರಿದ್ದರೆ ಗಾಳಿ ಜಾಸ್ತಿ ಇತ್ತು, ಇಲ್ಲವೇ ಓಡಿಸಿದ್ದು ನಿಧಾನ. ಟೈರ್ ಕಂಪನಿ ಟ್ರ್ಯಾಕ್‌ಗೆ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಕೊನೆ ಮಾತು.

ಇನ್ನೊಂದು. ಪ್ಯಾಡಕ್‌ನಲ್ಲಿ ಒಂದು ಮಗ್ಗುಲಿಗೆ ಬಿಸಿಲು ಬೀಳ್ತಿದ್ದರೆ ಗೇಜ್ ಸುಳ್ಳು ಹೇಳುತ್ತೆ. ಅಳೆಯೋ ಮುಂಚೆ ನೆರಳಿಗೆ ತನ್ನಿ. ಗೇಜ್ ಕೂಡ ಒಂದೇ ಇರಲಿ. ಬೆಳಗ್ಗೆ ನಿಮ್ಮದು, ಮಧ್ಯಾಹ್ನ ಪಕ್ಕದವರ ಪಂಪಿನದು ಅಂದರೆ ಎರಡು ಪಿಎಸ್‌ಐ ವ್ಯತ್ಯಾಸ ಗೇಜ್‌ಗಳಲ್ಲೇ ಇರಬಹುದು. ಟೈರಿನ ಅಂಕಿ, ಹೊತ್ತು, ನೆಲದ ಬಿಸಿ, ಮೂರನ್ನೂ ಟ್ಯಾಂಕ್ ಮೇಲೆ ಒಂದು ಟೇಪ್ ಅಂಟಿಸಿ ಬರೆಯಿರಿ. "33 (ಬಿಸಿ)" ಅಂತ ಬರೆದಿದ್ದರೆ ಯಾರೂ ಆ ಪಂಪ್ ಮುಟ್ಟುತ್ತಿರಲಿಲ್ಲ.

ಕೊಯಮತ್ತೂರು_ಕನ್ನಡಿಗ
ಎಡ ತಿರುವು ಅಂದಿರಿ. ಅದನ್ನ ಯಾರೂ ಎತ್ತಲಿಲ್ಲ. ಬಲ ತಿರುವುಗಳೇ ಹೆಚ್ಚಿರೋ ಟ್ರ್ಯಾಕ್‌ನಲ್ಲಿ ಟೈರಿನ ಎಡ ಮಗ್ಗುಲು ಗಾಳಿಗೆ ತಣ್ಣಗಾಗ್ತಾ ಇರುತ್ತೆ. ಬಲ ಮಗ್ಗುಲು ಕಾದಿದೆ, ಹಿಡಿತ ಚೆನ್ನಾಗಿದೆ ಅಂತ ಸವಾರನಿಗೆ ಧೈರ್ಯ ಬಂದಿರುತ್ತೆ, ಆ ಧೈರ್ಯದಲ್ಲೇ ಎಡಕ್ಕೆ ಮಲಗಿಸ್ತಾನೆ. ಜರ್ಮನಿಯ ಸ್ಯಾಕ್ಸನ್‌ರಿಂಗ್‌ನಲ್ಲಿ ಇದರ ತಿರುವುಮುರುವು: 13 ತಿರುವುಗಳಲ್ಲಿ 10 ಎಡಕ್ಕೆ, 3 ಮಾತ್ರ ಬಲಕ್ಕೆ. ಸಾಲಾಗಿ ಎಡಗಳು ಮುಗಿದ ಮೇಲೆ ಬರೋ 11ನೇ ತಿರುವು ಬಲಕ್ಕೆ, ಇಳಿಜಾರು. ಮೋಟೋಜಿಪಿಯಲ್ಲಿ ಅಲ್ಲಿ ಬೀಳದ ವರ್ಷ ಇಲ್ಲ ಅನ್ನೋಷ್ಟು. ಅಂಥ ಜಾಗಕ್ಕೇ ಟೈರ್ ಕಂಪನಿ ಎರಡು ಮಗ್ಗುಲಿಗೆ ಬೇರೆ ಬೇರೆ ರಬ್ಬರ್ ಹಾಕಿ ತರುತ್ತೆ. ನಮ್ಮ ಹುಡುಗರಿಗೆ ಆ ಟೈರ್ ಸಿಗಲ್ಲ, ಹಾಗಾಗಿ ಮೊದಲ ಮೂರು ಲ್ಯಾಪ್ ಎಡಗಳಿಗೆ ಬೇರೆ ಲೆಕ್ಕ ಇಟ್ಟುಕೊಳ್ಳಬೇಕು.

ಆರ್15_ಅರುಣ
ಹಾಗಾದರೆ ಔಟ್ ಲ್ಯಾಪ್‌ನಲ್ಲಿ (ಪಿಟ್‌ನಿಂದ ಹೊರಟ ಮೊದಲ ಸುತ್ತಿನಲ್ಲಿ) ಎಡಬಲ ಎಡಬಲ ಅಂತ ಹಾವಿನ ಥರ ಓಡಿಸಿ ಬಿಸಿ ಮಾಡಬಹುದಲ್ಲ?

ಪಿಟ್‌ಲೇನ್_ಪದ್ಮ
ಬೇಡ. ಕಾರಿಗೆ ಅದು ಸರಿ, ಬೈಕಿಗೆ ಅದರಿಂದ ಬರೋ ಬಿಸಿ ಏನೇನೂ ಸಾಲದು, ಹಿಂದಿನವರಿಗೆ ಅಪಾಯ ಬೇರೆ. ಟೈರ್ ಕಾಯೋದು ಮಗ್ಗುಲು ಮಡಿದಾಗ. ಅದಕ್ಕೆ ನೇರ ರಸ್ತೆಯಲ್ಲಿ, ಗಾಡಿ ನೆಟ್ಟಗಿರುವಾಗ ಗಟ್ಟಿಯಾಗಿ ಬ್ರೇಕ್, ಗಟ್ಟಿಯಾಗಿ ಆಕ್ಸಿಲರೇಟರ್. ಬ್ರೇಕ್ ಹಿಡಿಯೋ ಮುಂಚೆ ಹಿಂದೆ ಯಾರಿದ್ದಾರೆ ನೋಡಿಕೊಳ್ಳಿ. ಪ್ರತಿ ಲ್ಯಾಪ್‌ಗೆ ಮಲಗಿಸೋದನ್ನ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಗಾಡಿಯನ್ನ ಕಡಿಮೆ ಮಲಗಿಸಿ, ಮೈಯನ್ನ ಒಳಗೆ ಜಾಸ್ತಿ ಇಳಿಸಿ. ಅದೇ ವೇಗಕ್ಕೆ ಗಾಡಿಯ ಕೋನ ಎರಡು ಮೂರು ಡಿಗ್ರಿ ಉಳಿಯುತ್ತೆ.

ರೆವ್_ರಾಘು
ವಿಡಿಯೋ ಸಿಕ್ಕಿತು, ಹಿಂದಿದ್ದವರದು. ನಿಧಾನ ಮಾಡಿ ನೋಡಿದೆ. ತಿರುವಿಗೆ ಮುಂಚೆ ಒಬ್ಬರನ್ನ ದಾಟಿ ಒಳಗಿನ ಗೆರೆಯಲ್ಲಿ ಬಂದಿದ್ದಾನೆ. ಬ್ರೇಕ್ ಹಿಡಿದದ್ದು ಬೆಳಗ್ಗೆಗಿಂತ ತಡ. ಫೋರ್ಕ್ ಪೂರ್ತಿ ಒತ್ತಿಕೊಂಡಿದೆ. ಮಲಗಿಸಿದ ಮೇಲೆ ಗಾಡಿ ಅಗಲಕ್ಕೆ ಹೋಗ್ತಿದೆ ಅನಿಸಿ ಇನ್ನೂ ಸ್ವಲ್ಪ ಒತ್ತಿದ್ದಾನೆ, ಅಲ್ಲೇ ಹೋಯಿತು. ಫುಟ್‌ಪೆಗ್‌ನಲ್ಲಿ ನುಣುಪು ಉಜ್ಜು ಇಲ್ಲ, ಎಲ್ಲ ಒರಟು.

ಪಿಟ್‌ಲೇನ್_ಪದ್ಮ
ಹಾಗಿದ್ದರೆ ಪೆಗ್ ತಾಗಿ ಎತ್ತಿದ್ದಲ್ಲ. ಸರಣಿ ಹೀಗೆ: ಹಳೇ ಟೈರು, ತಣ್ಣನೆಯ ಎಡ ಮಗ್ಗುಲು, ಬಿಗಿದ ಗಾಳಿ, ಒಳಗಿನ ಗೆರೆ. ಒಳಗಿನ ಗೆರೆ ಅಂದರೆ ತಿರುವಿನ ತ್ರಿಜ್ಯ ಚಿಕ್ಕದು, ಅದೇ ವೇಗಕ್ಕೆ ಹೆಚ್ಚು ಮಲಗಿಸಬೇಕು, ರಬ್ಬರು ಬಿದ್ದಿರೋ ಸ್ವಚ್ಛ ಗೆರೆಯೂ ಅದಲ್ಲ. ಇಷ್ಟರ ಮೇಲೆ ಬ್ರೇಕ್ ಹಿಡಿದೇ ಕೋನ ಹೆಚ್ಚಿಸಿದ್ದಾನೆ. ಟ್ರೇಲ್ ಬ್ರೇಕಿಂಗ್, ಅಂದರೆ ಬ್ರೇಕ್ ಹಿಡಿದುಕೊಂಡೇ ತಿರುವಿಗೆ ಇಳಿಯೋದು, ತಪ್ಪಲ್ಲ. ಆದರೆ ಕೋನ ಏರಿದಂತೆ ಲಿವರ್ ಮೇಲಿನ ಬೆರಳು ಸಡಿಲ ಆಗಬೇಕು. ಎರಡನ್ನೂ ಒಟ್ಟಿಗೆ ಏರಿಸಿದರೆ ಮೇಷ್ಟ್ರು ಹೇಳಿದ ಆ 0.32 ಒಂದೇ ಕ್ಷಣದಲ್ಲಿ ಖಾಲಿ. ಹುಡುಗನಿಗೆ ಒಂದೇ ಒಂದು ಮಾತು ಹೇಳೋದಾದರೆ: ದಾಟಿದ ಮೇಲಿನ ತಿರುವು ಹೊಸ ತಿರುವು, ಬೆಳಗ್ಗೆಯ ಬ್ರೇಕ್ ಮಾರ್ಕರ್ ಅಲ್ಲಿ ನಡೆಯಲ್ಲ.

ನಂದಿಬೆಟ್ಟ_390
ಗಾಳಿ ವಿಷಯದಲ್ಲಿ ಒಪ್ಪಿದೆ, ತಿಮ್ಮಣ್ಣ. ಆದರೆ ಇಂಥದ್ದಕ್ಕೆಲ್ಲ ಮೊದಲು ಭಾನುವಾರ ಬೆಳಗ್ಗೆ ನಂದಿ ರಸ್ತೆಯಲ್ಲಿ ಕೈ ಕುದುರಿಸಿಕೊಂಡು ಹೋದರೆ ಟ್ರ್ಯಾಕ್‌ನಲ್ಲಿ ಬೀಳೋದು ತಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ.

ಮಾರ್ಷಲ್_ಮಂಜು
ಇದನ್ನ ಬಲವಾಗಿ ವಿರೋಧಿಸ್ತೀನಿ. ಈ ಹುಡುಗ ಬಿದ್ದು ಎದ್ದು ನಡೆದ. ಯಾಕೆ? ಜಾರಿಹೋಗೋಕೆ ಜಾಗ ಇತ್ತು, ಎದುರಿನಿಂದ ಬಸ್ ಬರಲಿಲ್ಲ, ತಡೆಗೋಡೆ ದೂರ ಇತ್ತು, ಬಾವುಟ ಹಿಡಿದವರಿದ್ದರು, ಆಂಬುಲೆನ್ಸ್ ಇತ್ತು. 80 ಕಿ.ಮೀ. ವೇಗದಲ್ಲಿ ಬಿದ್ದರೆ ಲೆದರ್ ಸೂಟ್ ಡಾಂಬರಿನ ಮೇಲೆ ಹೆಚ್ಚು ಕಡಿಮೆ 40 ಮೀಟರ್ ಜಾರುತ್ತೆ. ನಂದಿ ರಸ್ತೆಯ ಯಾವ ತಿರುವಿನಲ್ಲಿ 40 ಮೀಟರ್ ಖಾಲಿ ಇದೆ, ಹೇಳಿ. ಪೂರ್ತಿ ಉದ್ದದ ಟ್ರ್ಯಾಕ್‌ಗೆ ನಮ್ಮವರು ಚೆನ್ನೈಗೋ ಕೊಯಮತ್ತೂರಿಗೋ ಹೋಗಬೇಕು, ಅದು ಕಷ್ಟ, ಒಪ್ತೀನಿ. ಅದಕ್ಕೆ ಬದಲು ಕಾರ್ಟಿಂಗ್ ಟ್ರ್ಯಾಕ್ ಬಾಡಿಗೆಗೆ ತಗೊಂಡು 150 ಸಿಸಿ ಗಾಡಿಯಲ್ಲಿ ಅಭ್ಯಾಸ ಮಾಡಲಿ. ಬೆಟ್ಟದ ರಸ್ತೆ ಊರಿನವರದು.

ಟ್ರ್ಯಾಕ್ ಅಂದರೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. 2023ರ ಆಗಸ್ಟ್‌ನಲ್ಲಿ ಇದೇ ಚೆನ್ನೈ ಟ್ರ್ಯಾಕ್‌ನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನನ್ನ ಕಳೆದುಕೊಂಡೆವು. ಅಲ್ಲೇ ಹಾಗಿರುವಾಗ ರಸ್ತೆಯ ಮಾತೇ ಬೇಡ.

ನಂದಿಬೆಟ್ಟ_390
ಸರಿ. ಆ 40 ಮೀಟರ್ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನನ್ನ ಮಾತು ವಾಪಸ್ ತಗೊಳ್ತೀನಿ.

ಮಾರ್ಷಲ್_ಮಂಜು
ಒಳ್ಳೇದು. ಬಿದ್ದ ಮೇಲೆ ಏನು ಮಾಡಬೇಕು ಅನ್ನೋದನ್ನೂ ಹೇಳಿಬಿಡ್ತೀನಿ, ಬ್ರೀಫಿಂಗ್‌ನಲ್ಲಿ ಅರ್ಧ ಜನ ಕೇಳಿಸಿಕೊಳ್ಳಲ್ಲ.

ಹ್ಯಾಂಡಲ್ ಬಿಟ್ಟುಬಿಡಿ, ಗಾಡಿ ದೂರ ಹೋಗಲಿ. ಕೈ ನೆಲಕ್ಕೆ ಊರಬೇಡಿ, ಎದೆಯ ಹತ್ತಿರ ತನ್ನಿ. ಆ 40 ಮೀಟರ್ ಜಾರೋಕೆ ನಾಲ್ಕು ಸೆಕೆಂಡ್ ಹತ್ತಿರ ಬೇಕು, ಒಳಗಿರೋನಿಗೆ ನಿಂತುಹೋದ ಹಾಗೆ ಅನ್ನಿಸಿಬಿಡುತ್ತೆ. ಆಗ ಏಳೋಕೆ ಹೋದವರು ಮುಗ್ಗರಿಸಿ ಕಾಲು ಮುರಿದುಕೊಳ್ತಾರೆ. ನಿಂತದ್ದು ಖಚಿತ ಆದಮೇಲೂ ಮೂರು ಎಣಿಸಿ. ಟ್ರ್ಯಾಕ್ ಮೇಲೇ ಇದ್ದರೆ ಬರೋ ಗಾಡಿಗಳ ಕಡೆ ಮುಖ ಮಾಡಿ ಹತ್ತಿರದ ಅಂಚಿಗೆ, ಅಲ್ಲಿಂದ ತಡೆಗೋಡೆಯ ಹಿಂದಕ್ಕೆ. ಗಾಡಿ ಎತ್ತೋಕೆ ವಾಪಸ್ ಬರಬೇಡಿ, ಅದು ಮಾರ್ಷಲ್ ಕೆಲಸ. ನೀವು ಬಿದ್ದ ಜಾಗದಲ್ಲೇ ಇನ್ನೊಬ್ಬ ಬೀಳ್ತಾನೆ, ಅದೇ ಎಣ್ಣೆ, ಅದೇ ಗೆರೆ.

ಓಡಿಸ್ತಿರೋರಿಗೆ: ಹಳದಿ ಬಾವುಟ ಕಂಡರೆ ದಾಟೋದು ಬಂದ್, ಬಿದ್ದವರನ್ನ ನೋಡ್ತಾ ಓಡಿಸಬೇಡಿ, ನೋಡಿದ ಕಡೆಗೇ ಗಾಡಿ ಹೋಗುತ್ತೆ. ಹಳದಿಯಲ್ಲಿ ಕೆಂಪು ಪಟ್ಟೆ ಇದ್ದರೆ ನೆಲ ಜಾರುತ್ತೆ. ಕೆಂಪು ಅಂದರೆ ಸೆಷನ್ ನಿಂತಿತು, ಕೈ ಎತ್ತಿ ಹಿಂದಿನವರಿಗೆ ತಿಳಿಸಿ, ನಿಧಾನವಾಗಿ ಪಿಟ್‌ಗೆ. ಕಪ್ಪು ಬಾವುಟದಲ್ಲಿ ಕಿತ್ತಳೆ ಚುಕ್ಕೆ ನಿಮ್ಮ ನಂಬರ್ ಜೊತೆ ಬಂದರೆ ನಿಮ್ಮ ಗಾಡಿಯಲ್ಲೇ ತೊಂದರೆ ಇದೆ, ರೇಸಿಂಗ್ ಗೆರೆ ಬಿಟ್ಟು ಕೂಡಲೇ ಆಚೆ ಬನ್ನಿ.

ಮೂಳೆ_ಡಾಕ್ಟ್ರು_ಮಂಗಳೂರು
ಗಾಡಿ ವಿಷಯ ಮಾತಾಡ್ತಾ ಮಣಿಕಟ್ಟು ಮರೆತುಬಿಟ್ಟಿರಿ ಮಾರಾಯ್ರೆ. ರಾಘು ಅವರೇ, ಹೆಬ್ಬೆರಳನ್ನ ಮೇಲಕ್ಕೆ ಎತ್ತಿದಾಗ ಅದರ ಬುಡದಲ್ಲಿ ಎರಡು ನರದಂಥ ಗೆರೆಗಳ ನಡುವೆ ಒಂದು ಗುಳಿ ಕಾಣ್ತದೆ. ಅಲ್ಲಿ ಒತ್ತಿದರೆ ನೋವು ಉಂಟಾ? ಇದ್ದರೆ ಸ್ಕ್ಯಾಫಾಯ್ಡ್ ಅನ್ನೋ ಸಣ್ಣ ಮೂಳೆ ಬಿರುಕು ಬಿಟ್ಟಿರಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಅದು ಎಷ್ಟೋ ಸಲ ಕಾಣುವುದೇ ಇಲ್ಲ. ಹೆಬ್ಬೆರಳು ಸೇರಿಸಿ ಸ್ಪ್ಲಿಂಟ್ ಹಾಕಿ, 10ರಿಂದ 14 ದಿನಕ್ಕೆ ಮತ್ತೆ ಎಕ್ಸ್‌ರೇ, ಬೇಗ ಗೊತ್ತಾಗಬೇಕಾದರೆ ಎಂಆರ್‌ಐ. ಬಿಟ್ಟರೆ ಆ ಮೂಳೆಗೆ ರಕ್ತ ಹೋಗುವ ದಾರಿ ಒಂದು ತುದಿಯಿಂದ ಮಾತ್ರ ಇರುವ ಕಾರಣ ಒಳಗಿನ ತುಂಡು ಸತ್ತುಹೋಗುವ ಸಾಧ್ಯತೆ ಉಂಟು. ಆಮೇಲೆ ಜೀವನ ಪೂರ್ತಿ ಕ್ಲಚ್ ಹಿಡಿಯುವುದೇ ಕಷ್ಟ.

ತಲೆ ತಾಗಿತ್ತಾ? ಹೆಲ್ಮೆಟ್ ಮೇಲೆ ಗೀರು ಉಂಟಾದರೆ 48 ಗಂಟೆ ಯಾರಾದರೂ ಜೊತೆಗಿರಲಿ. ವಾಂತಿ, ಹೆಚ್ಚಾಗುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಮಾತು ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದು, ಇದರಲ್ಲಿ ಒಂದು ಕಂಡರೂ ನೇರ ಆಸ್ಪತ್ರೆಗೆ. ಅದೇ ದಿನ ಮತ್ತೆ ಸೆಷನ್‌ಗೆ ಇಳಿಯುವುದು ಬೇಡವೇ ಬೇಡ. ಪ್ರಜ್ಞೆ ಇಲ್ಲದೆ ಬಿದ್ದಿರುವವರ ಹೆಲ್ಮೆಟ್ ಗೆಳೆಯರು ಎಳೆದು ತೆಗೆಯಬಾರದು. ಉಸಿರಾಟ ನಿಂತಿಲ್ಲವಾದರೆ ಮೆಡಿಕಲ್ ತಂಡ ಬರುವವರೆಗೆ ಕುತ್ತಿಗೆ ಅಲುಗದಂತೆ ಹಿಡಿದರೆ ಸಾಕು. ತೆಗೆಯುವುದಕ್ಕೆ ಇಬ್ಬರು ಬೇಕು, ಒಬ್ಬರು ಕುತ್ತಿಗೆ, ಒಬ್ಬರು ಹೆಲ್ಮೆಟ್.

ರೆವ್_ರಾಘು
ಡಾಕ್ಟ್ರೇ, ಈಗಷ್ಟೇ ಒತ್ತಿ ನೋಡಿಸಿದೆ. ಆ ಗುಳಿಯಲ್ಲೇ ನೋವು ಅಂದ. ನಾಳೆಯೇ ಕರ್ಕೊಂಡು ಹೋಗ್ತೀನಿ. ಹೆಲ್ಮೆಟ್ ಎಡಗಡೆ ಸಣ್ಣ ಗೀರು ಇದೆ, ಒಡೆದಿಲ್ಲ. ಅದನ್ನ ಇಟ್ಟುಕೊಳ್ಳಬಹುದಾ?

ಟೈರ್_ತಿಮ್ಮಣ್ಣ
ಬೇಡ. ಒಳಗಿನ ಥರ್ಮೋಕೋಲ್ ಥರದ ಪದರ ಒಂದು ಸಲ ಒತ್ತಿಕೊಂಡರೆ ಮತ್ತೆ ಉಬ್ಬಲ್ಲ, ಹೊರಗಿನ ಚಿಪ್ಪು ಚೆನ್ನಾಗಿಯೇ ಕಾಣುತ್ತೆ. ತಲೆ ಒಳಗಿದ್ದು ನೆಲಕ್ಕೆ ಬಡಿದ ಹೆಲ್ಮೆಟ್ ಬದಲಾಯಿಸಲೇಬೇಕು. ಹೊಸದು ತಗೊಳ್ಳುವಾಗ ಇಸಿಇ 22.06 (ಹೆಲ್ಮೆಟ್ ಸುರಕ್ಷತೆಯ ಮಾನದಂಡ) ಗುರುತು, ಡಬಲ್ ಡಿ-ರಿಂಗ್ ಪಟ್ಟಿ ಎರಡೂ ಇರಲಿ. ಹಳೆಯದರ ಪಟ್ಟಿ ಕತ್ತರಿಸಿ ಎಸೆಯಿರಿ, ಯಾರಿಗೂ ಕೊಡಬೇಡಿ. ಗ್ಲೌಸ್ ತಗೊಳ್ಳುವಾಗ ಅಂಗೈ ಬುಡದಲ್ಲಿ ಪ್ಲಾಸ್ಟಿಕ್ ಸ್ಲೈಡರ್ ಇರೋದು ನೋಡಿ. ಲೆದರ್ ಮಾತ್ರ ಇದ್ದರೆ ಅಂಗೈ ನೆಲಕ್ಕೆ ಕಚ್ಚಿಕೊಳ್ಳುತ್ತೆ, ಡಾಕ್ಟ್ರು ಹೇಳಿದ ಮೂಳೆ ಮುರಿಯೋದು ಹಾಗೇ.

ಸಂಪ್‌ಪ್ಲಗ್_ಶಿವು
ಈಗ ಗಾಡಿ. ಮೊದಲು ಸ್ಟಾರ್ಟ್ ಮಾಡಬೇಡಿ. ಪಲ್ಟಿ ಹೊಡೆದ ಗಾಡಿಯಲ್ಲಿ ಎಂಜಿನ್ ಆಯಿಲ್ ಏರ್‌ಬಾಕ್ಸ್‌ಗೆ ಬಂದಿರಬಹುದು, ಮಣ್ಣು ಫಿಲ್ಟರ್ ದಾಟಿರಬಹುದು. ಏರ್‌ಬಾಕ್ಸ್ ಬಿಚ್ಚಿ ಒಳಗೆ ಬೆರಳು ಸವರಿ. ಆಯಿಲ್ ಮಟ್ಟ ನೋಡಿ, ಎಡಗಡೆಯ ಕೇಸ್ ಕವರ್‌ನ ಉಜ್ಜು ಎಷ್ಟು ಆಳ ನೋಡಿ. ಉಗುರು ಸಿಕ್ಕಿಕೊಳ್ಳೋಷ್ಟು ಆಳ ಇದ್ದರೆ ಕವರ್ ಬದಲಾಯಿಸಿ, ಬಿಸಿಯಾದಾಗ ಆಯಿಲ್ ಬೆವರೋಕೆ ಶುರುವಾಗುತ್ತೆ.

ಆಮೇಲೆ ಆಕ್ಸಿಲರೇಟರ್. ಇದನ್ನ ಬಿಡೋ ಜನ ಜಾಸ್ತಿ. ಪಲ್ಟಿ ಹೊಡೆದಿದೆ ಅಂದರೆ ಬಲಗಡೆ ಹ್ಯಾಂಡಲ್ ತುದಿಯೂ ಮಣ್ಣು ತಿಂದಿದೆ. ಬಾರ್ ಎಂಡ್ ಬಿಚ್ಚಿ, ಗ್ರಿಪ್ ಟ್ಯೂಬ್ ಎಳೆದು, ಒಳಗಿನ ಮರಳು ಒರೆಸಿ, ಒಣಗಿಸಿ ಹಾಕಿ. ಪೂರ್ತಿ ತಿರುಗಿಸಿ ಬಿಟ್ಟರೆ ಟಪ್ ಅಂತ ವಾಪಸ್ ಬರಬೇಕು, ಹ್ಯಾಂಡಲ್ ಎಡಕ್ಕೆ ತಿರುಗಿಸಿಯೂ ನೋಡಿ, ಬಲಕ್ಕೂ ನೋಡಿ. ಒಂದು ಹರಳು ಸಿಕ್ಕಿಹಾಕಿಕೊಂಡು ಆಕ್ಸಿಲರೇಟರ್ ತೆರೆದೇ ನಿಂತರೆ ಎರಡನೇ ಬೀಳು ಮೊದಲಿಗಿಂತ ಕೆಟ್ಟದು.

ಫೋರ್ಕ್: ಮುಂದೆ ನಿಂತು ಚಕ್ರವನ್ನ ಮೊಣಕಾಲ ನಡುವೆ ಹಿಡಿದು ಹ್ಯಾಂಡಲ್ ನೋಡಿ. ಚಕ್ರ ನೇರ ಇದ್ದು ಹ್ಯಾಂಡಲ್ ಓರೆ ಇದ್ದರೆ ಹೆಚ್ಚಿನ ಸಲ ಬಾಗಿರಲ್ಲ, ಕ್ಲಾಂಪ್‌ಗಳಲ್ಲಿ ತಿರುಚಿಕೊಂಡಿರುತ್ತೆ. ಆಕ್ಸಲ್, ಅದರ ಪಿಂಚ್ ಬೋಲ್ಟ್, ಕೆಳಗಿನ ಟ್ರಿಪಲ್ ಕ್ಲಾಂಪ್ (ಎರಡೂ ಫೋರ್ಕ್ ಕೊಳವೆಗಳನ್ನ ಹಿಡಿದಿರೋ ಭಾಗ) ಬೋಲ್ಟ್ ಸಡಿಲ ಮಾಡಿ, ಚಕ್ರ ಹಿಡಿದು ಹ್ಯಾಂಡಲ್ ತಿರುವಿ ನೇರ ಮಾಡಿ, ನಾಲ್ಕೈದು ಸಲ ಫೋರ್ಕ್ ಒತ್ತಿ, ಆಮೇಲೆ ಸರ್ವಿಸ್ ಪುಸ್ತಕದ ಟಾರ್ಕ್‌ಗೆ ಬಿಗಿಯಿರಿ. ನೇರ ಆಗದಿದ್ದರೆ ಕೊಳವೆ ಬಿಚ್ಚಿ ಗಾಜಿನ ಮೇಲೆ ಉರುಳಿಸಿ. ಬಾಗಿದ್ದರೆ ಕೆಳಗಿನಿಂದ ಬೆಳಕು ಕಾಣುತ್ತೆ. ಬಾಗಿದ ಕೊಳವೆಯನ್ನ ತಟ್ಟಿ ನೇರ ಮಾಡಿಸಿ ಟ್ರ್ಯಾಕ್‌ಗೆ ತರಬೇಡಿ.

ಸ್ಟೀರಿಂಗ್ ಸ್ಟಾಪ್ ಒಡೆದಿದೆಯಾ ನೋಡಿ. ಒಡೆದಿದ್ದರೆ ಸ್ಟೀರಿಂಗ್ ಹೆಡ್ ಸುತ್ತ ಬಣ್ಣ ಸುಕ್ಕುಗಟ್ಟಿದೆಯಾ, ವೆಲ್ಡ್ ಪಕ್ಕ ಕೂದಲೆಳೆ ಬಿರುಕು ಇದೆಯಾ ನೋಡಲೇಬೇಕು. ಮುಂದಿನ ಡಿಸ್ಕ್, ರಿಮ್ ಎರಡನ್ನೂ ಚಕ್ರ ತಿರುಗಿಸಿ ಒಂದು ಸ್ಕ್ರೂಡ್ರೈವರ್ ತುದಿ ಹತ್ತಿರ ಹಿಡಿದರೆ ಅಲುಗಾಟ ಕಾಣುತ್ತೆ. ರೇಡಿಯೇಟರ್ ಎಡ ಮೂಲೆ, ಗೇರ್ ಲಿವರ್ ಶಾಫ್ಟ್, ಫುಟ್‌ಪೆಗ್ ಬ್ರಾಕೆಟ್‌ನ ಬೋಲ್ಟ್, ಕ್ಲಚ್ ಲಿವರ್ ಪರ್ಚ್. ಬಾಗಿದ ಲಿವರ್ ಮತ್ತೆ ಬಾಗಿಸಿದರೆ ಮುಂದಿನ ಸೆಷನ್‌ನಲ್ಲಿ ಕೈಗೆ ಬರುತ್ತೆ. ಕೊನೆಗೆ, ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ. ಗಾಡಿ ಮಲಗಿದಾಗ ಟಿಪ್-ಓವರ್ ಸೆನ್ಸರ್ ಎಂಜಿನ್ ನಿಲ್ಲಿಸಿರುತ್ತೆ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ.

ಆರ್15_ಅರುಣ
ಶಿವು ಅಣ್ಣಾ, ಕೂಲೆಂಟ್ ತೆಗೆದು ನೀರು ಹಾಕಬೇಕು ಅಂತಾರಲ್ಲ, ಚೆನ್ನೈ ಬಿಸಿಲಿಗೆ ಕುದಿಯಲ್ವಾ?

ಸಂಪ್‌ಪ್ಲಗ್_ಶಿವು
ಕುದಿಯಲ್ಲ. ಶಾಖ ಸಾಗಿಸೋದರಲ್ಲಿ ನೀರೇ ಮೇಲು, ಮುಚ್ಚಳದ ಒತ್ತಡದಲ್ಲಿ 100 ದಾಟಿದರೂ ನಿಲ್ಲುತ್ತೆ. ನೀರು ಹಾಕಿಸೋ ಕಾರಣ ಬೇರೆ: ಕೂಲೆಂಟ್‌ನಲ್ಲಿರೋ ಗ್ಲೈಕಾಲ್ ನೆಲಕ್ಕೆ ಬಿದ್ದರೆ ಒಣಗಲ್ಲ, ಒರೆಸಿದರೂ ಜಾರುತ್ತೆ. ನೀರು ಆರಿಹೋಗುತ್ತೆ. ಡಿಸ್ಟಿಲ್ಡ್ ವಾಟರ್ ಮಾತ್ರ, ಗ್ಲೈಕಾಲ್ ಇಲ್ಲದ ತುಕ್ಕು ನಿರೋಧಕ ಸೇರಿಸಿ. ಬೋರ್‌ವೆಲ್ ನೀರು ಹಾಕಿದರೆ ರೇಡಿಯೇಟರ್ ಒಳಗೆ ಬಿಳಿ ಉಪ್ಪು ಕಟ್ಟುತ್ತೆ. ರಸ್ತೆಗೆ ಇಳಿಸೋ ಮುಂಚೆ ವಾಪಸ್ ಕೂಲೆಂಟ್.

ಹುಬ್ಬಳ್ಳಿ_ಟ್ವಿನ್
ಗಾಡಿ ಓಡಿಸಿಕೊಂಡ ಹೋಗಿದ್ರೋ, ಗೂಡ್ಸ್ ಗಾಡಿ ಮ್ಯಾಲೋ? ಬೆಂಗಳೂರಿಂದ ಅಲ್ಲಿಗೆ 300 ಕಿ.ಮೀ. ಆಗತೈತಿ. ಓಡಿಸಿಕೊಂಡ ಹೋದ್ರ ಸುಸ್ತಾಗಿ ಟ್ರ್ಯಾಕ್‌ಗೆ ಇಳೀತಾರ, ಬಿದ್ರ ವಾಪಸ್ ಬರಾಕ ಗಾಡಿ ಇರಂಗಿಲ್ಲ. ಟಾಟಾ ಏಸ್‌ನಾಗ ಎರಡು ಗಾಡಿ ಹಾಕಿ ಖರ್ಚು ಹಂಚಿಕೊಳ್ರಿ. ನಾಕು ರಾಚೆಟ್ ಪಟ್ಟಿ, ಮುಂದಿನ ಎರಡು ಕೆಳಗಿನ ಟ್ರಿಪಲ್ ಕ್ಲಾಂಪ್‌ಗೆ, ಫೋರ್ಕ್ ಅರ್ಧದಷ್ಟ ಒತ್ತಿಕೊಂಡ್ರ ಸಾಕು. ಕ್ಲಿಪ್‌ಆನ್ ಹ್ಯಾಂಡಲ್‌ಗೆ ಕಟ್ಟಬ್ಯಾಡ್ರಿ, ತಿರುಗತಾವ.

ಲೆಕ್ಕದ_ಮೇಷ್ಟ್ರು
ಇನ್ಶೂರೆನ್ಸ್ ಯಾರೂ ಹೇಳಲಿಲ್ಲ. ಗಾಡಿಯ ಮಾಮೂಲಿ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಹೊರಗಿಟ್ಟಿರುತ್ತಾರೆ, ಗಾಡಿ ರಿಪೇರಿ ಕೈಯಿಂದಲೇ. ಆರೋಗ್ಯ ವಿಮೆಯಲ್ಲಿ ಎಲ್ಲ ಕಂಪನಿಗೂ ಒಂದೇ ಥರದ ಹೊರಗಿಡುವಿಕೆ, ಕೋಡ್ 09: ಮೋಟಾರ್ ರೇಸಿಂಗ್‌ನಂಥ ಅಪಾಯದ ಕ್ರೀಡೆಯಲ್ಲಿ "ವೃತ್ತಿಪರರಾಗಿ" ಭಾಗವಹಿಸಿದ್ದರೆ ಚಿಕಿತ್ಸೆಯ ಖರ್ಚಿಲ್ಲ ಅನ್ನುತ್ತೆ. ಹವ್ಯಾಸಿಗೆ ಆ ಒಂದು ಪದ ಬಹಳ ಮುಖ್ಯ. ಆಸ್ಪತ್ರೆ ಕಾಗದದಲ್ಲಿ "ರೇಸಿಂಗ್ ಅಪಘಾತ" ಅಂತ ಮಾತ್ರ ಬರೆಸದೆ ನಡೆದದ್ದನ್ನ ನಡೆದ ಹಾಗೆ, ಹವ್ಯಾಸಿ, ಪ್ರಾಕ್ಟೀಸ್ ದಿನ ಅಂತ ಬರೆಸಿ. ಸುಳ್ಳು ಹೇಳಿ ರಸ್ತೆ ಅಪಘಾತ ಅಂತ ಬರೆಸಬೇಡಿ, ಆಮೇಲೆ ಇಡೀ ಪಾಲಿಸಿಗೇ ಕುತ್ತು.

ರೆವ್_ರಾಘು
ಎಲ್ಲರಿಗೂ ವರದಿ. ಎಂಆರ್‌ಐ ಆಯಿತು, ಸ್ಕ್ಯಾಫಾಯ್ಡ್‌ನಲ್ಲಿ ಬಿರುಕು ಇದೆ, ಜರುಗಿಲ್ಲ. ಪ್ಲಾಸ್ಟರ್ ಹಾಕಿದ್ದಾರೆ. ಡಾಕ್ಟ್ರೇ, ನೀವು ಹೇಳದಿದ್ದರೆ ಮುಂದಿನ ತಿಂಗಳು ಅದೇ ಕೈಯಲ್ಲಿ ಕ್ಲಚ್ ಹಿಡೀತಿದ್ದ.

ಗಾಡಿ: ಫೋರ್ಕ್ ತಿರುಚಿಕೊಂಡಿತ್ತು, ಬಾಗಿರಲಿಲ್ಲ, ಶಿವು ಹೇಳಿದ ಹಾಗೇ ನೇರ ಆಯಿತು. ಗ್ರಿಪ್ ಟ್ಯೂಬ್ ಒಳಗಿಂದ ಅರ್ಧ ಚಮಚ ಮರಳು ಬಂತು. ಕೇಸ್ ಕವರ್ ಬದಲಾಯಿಸ್ತಿದ್ದೀನಿ, ಹೊಸ ಟೈರ್ ಒಂದು ಜೊತೆ ತರಿಸಿದ್ದೀನಿ, ಟ್ಯಾಂಕ್ ಮೇಲೆ ಟೇಪ್ ಅಂಟಿಸಿ ಆಯಿತು. ಒಂದೇ ಪ್ರಶ್ನೆ ಉಳಿದಿದೆ. ಆಯಿಲ್ ಡ್ರೈನ್ ಪ್ಲಗ್ ತಾನಾಗಿ ಬಿಚ್ಚದ ಹಾಗೆ ಲಾಕ್ ವೈರ್ ಹಾಕೋಕೆ ಕಟ್ಟಡದ ಬೈಂಡಿಂಗ್ ವೈರ್ ನಡೆಯುತ್ತಾ?

ಸಂಪ್‌ಪ್ಲಗ್_ಶಿವು
ನಡೆಯಲ್ಲ. ಅದು ಮೆದು, ತುಕ್ಕು ಹಿಡಿಯುತ್ತೆ, ನಡುಕಕ್ಕೆ ತುಂಡಾಗುತ್ತೆ. 0.8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಲಾಕ್ ವೈರ್ ತಗೊಳ್ಳಿ. ಪ್ಲಗ್ ತಲೆಯಲ್ಲಿ ಒಂದೂವರೆ ಮಿ.ಮೀ. ತೂತು, ಕೊರೆಯುವಾಗ ಎಣ್ಣೆ ಬಿಡ್ತಾ ನಿಧಾನ, ಇಲ್ಲಾಂದರೆ ಬಿಟ್ ಒಳಗೇ ಮುರಿಯುತ್ತೆ. ಪ್ಲಗ್ ಟಾರ್ಕ್‌ಗೆ ಬಿಗಿದ ಮೇಲೆ ವೈರ್ ಹಾಕಿ, ಎರಡೂ ಎಳೆ ಸೇರಿಸಿ ಹೆಣೆಯಿರಿ. ವೈರ್ ಎಳೆಯೋ ದಿಕ್ಕು ಪ್ಲಗ್ ಬಿಗಿಯಾಗೋ ಕಡೆಗೇ ಇರಬೇಕು, ಬಿಚ್ಚೋ ಕಡೆಗೆ ಕಟ್ಟಿದರೆ ಇದ್ದೂ ಇಲ್ಲದ ಹಾಗೆ. ತುದಿಯನ್ನ ಒಳಕ್ಕೆ ಮಡಚಿ, ಸ್ಕ್ರೂಟಿನಿ (ಗಾಡಿ ತಪಾಸಣೆ) ಮಾಡೋರ ಬೆರಳು ಕುಯ್ಯುತ್ತೆ. ಆಯಿಲ್ ಫಿಲ್ಟರ್ ಕವರ್ ಬೋಲ್ಟ್‌ಗಳು, ಮುಂದಿನ ಕ್ಯಾಲಿಪರ್ ಬೋಲ್ಟ್‌ಗಳಿಗೂ ಇದೇ.

ರೆವ್_ರಾಘು
ತೂತು ಕೊರೆದಮೇಲೆ ಫೋಟೋ ಹಾಕ್ತೀನಿ, ದಿಕ್ಕು ಸರಿ ಇದೆಯಾ ನೋಡಿ ಹೇಳಿ.